ಬಹುವಾಹಕ ತರಂಗಗಳಲ್ಲಿ ಸಂಕರವೂ ಶಿಖರಶಕ್ತಿಯೂ

ನಿಸ್ತಂತು ವಾರ್ತೆಯು ಮೊದಲಾದ ಕಾಲದಲ್ಲಿ ಒಂದು ಪ್ರೇಷಕಯಂತ್ರಕ್ಕೆ ಒಂದು ವಾಹಕತರಂಗವೆಂಬುದೇ ನಿಯಮವಾಗಿದ್ದಿತು. ಮಾತಾಗಲಿ ಸಂಗೀತವಾಗಲಿ ಆ ಒಂದೇ ತರಂಗದ ಬೆನ್ನೇರಿ ಹೋಗಬೇಕಾಗಿದ್ದಿತು. ಈಗಿನ ಮೊಬೈಲ್ ಫೋನು, ವೈ-ಫೈ, ಡಿಜಿಟಲ್ ರೇಡಿಯೋ, ಡಿಜಿಟಲ್ ಟೆಲಿವಿಷನ್ ಇವುಗಳಲ್ಲಿ ಬಹುಮಟ್ಟಿಗೆ ಆ ನಿಯಮವು ಬಿಟ್ಟುಹೋಗಿದೆ. ಕಳುಹಿಸತಕ್ಕ ಸುದ್ದಿಯನ್ನು ನೂರಾರು, ಕೆಲವೆಡೆ ಸಾವಿರಾರು, ತುಣುಕುಗಳಾಗಿ ಹಂಚಿ, ಒಂದೊಂದು ತುಣುಕನ್ನೂ ಒಂದೊಂದು ಕಿರುವಾಹಕದ ಮೇಲೆ ಹೊರಿಸಿ, ಎಲ್ಲವನ್ನೂ ಒಟ್ಟಾಗಿ ಒಂದೇ ಆಂಟೆನಾದಿಂದ ಹೊರಡಿಸುವುದು ಇಂದಿನ ಪದ್ಧತಿ. ಇದನ್ನು ಬಹುವಾಹಕ ಪದ್ಧತಿಯೆನ್ನಬಹುದು. ಇದರ ಅತ್ಯಂತ ಪ್ರಸಿದ್ಧವಾದ ಪ್ರಭೇದವು ಓ.ಎಫ್.ಡಿ.ಎಂ. ಎಂಬ ಹೆಸರಿನಿಂದ ಬಳಕೆಯಲ್ಲಿದೆ. ಪದ್ಧತಿಯ ಗುಣವು ದೊಡ್ಡದು. ಆದರೆ ಅದರ ಬೆನ್ನಿಗೇ ಎರಡು ದೋಷಗಳು ಹುಟ್ಟಿಕೊಂಡಿವೆ. ವಾಹಕಗಳು ತಮ್ಮ ತಮ್ಮ ಎಲ್ಲೆಯನ್ನು ಮೀರಿ ಒಂದರೊಳಗೊಂದು ಬೆರೆಯುವ ಸಂಕರವು ಒಂದು. ಅವೆಲ್ಲವೂ ಒಂದೇ ಕ್ಷಣದಲ್ಲಿ ಮೇಲೆದ್ದಾಗ ಉಂಟಾಗುವ ಶಿಖರಶಕ್ತಿಯು ಇನ್ನೊಂದು. ಎರಡನೆಯದಕ್ಕೆ ಪರಿಹಾರವನ್ನು ಹುಡುಕುತ್ತ ಹೋದ ಗಣಿತಜ್ಞರು ಕಡೆಗೆ ತಲುಪಿದ ಒಂದು ಎಡೆಯು ಛಂದಶ್ಶಾಸ್ತ್ರವನ್ನು ಓದಿದವರಿಗೆ ಅಪರಿಚಿತವಾದುದಲ್ಲ.

ವಾಹಕಗಳನ್ನು ಹೀಗೆ ಹೆಚ್ಚಿಸಬೇಕಾದುದಾದರೂ ಏತಕ್ಕೆ? ಇದಕ್ಕೆ ಕಾರಣವು ಮಾರ್ದನಿ. ಊರಿನೊಳಗೆ ಹೊರಟ ರೇಡಿಯೋ ತರಂಗವು ನೇರವಾಗಿಯೂ ಬರುತ್ತದೆ, ಗೋಡೆ ಗುಡ್ಡಗಳಿಗೆ ತಾಕಿ ಬಳಸಿಕೊಂಡೂ ಬರುತ್ತದೆ. ಸೆಕೆಂಡಿಗೆ ಎರಡು ಕೋಟಿ ಮಿಡಿತಗಳನ್ನು ಒಂದೇ ವಾಹಕದ ಮೇಲೆ ಕಳುಹಿಸುವುದಾದರೆ ಒಂದೊಂದು ಮಿಡಿತಕ್ಕೂ ದೊರೆಯುವ ಕಾಲವು ಒಂದು ಸೆಕೆಂಡಿನ ದಶಲಕ್ಷಾಂಶದ ಇಪ್ಪತ್ತನೆಯ ಒಂದು ಪಾಲು ಮಾತ್ರ. ಅಷ್ಟರಲ್ಲಿ ತರಂಗವು ಹೋಗುವ ದೂರ ೧೫ ಮೀಟರು. ೩೦೦ ಮೀಟರು ಹೆಚ್ಚಿನ ದಾರಿಯನ್ನು ಬಳಸಿ ಬಂದ ಮಾರ್ದನಿಯು ಇಪ್ಪತ್ತು ಮಿಡಿತಗಳಷ್ಟು ತಡವಾಗಿ ಬಂದು, ಆಗ ಬರುತ್ತಿರುವ ಮಿಡಿತದ ಮೇಲೆ ಬೀಳುತ್ತದೆ. ದೊಡ್ಡ ಮಂಟಪದಲ್ಲಿ ಬೇಗಬೇಗನೆ ಓದುವವನ ಮಾತು ಕಲಸಿಹೋಗುವುದು ಇದೇ ಬಗೆಯಲ್ಲಿ. ಅಂಥ ಮಂಟಪದಲ್ಲಿ ಬಲ್ಲವನು ನಿಧಾನವಾಗಿ ಓದುತ್ತಾನೆ. ರೇಡಿಯೋ ತಂತ್ರಜ್ಞರೂ ಅದನ್ನೇ ಮಾಡಿದರು. ಆದರೆ ನಿಧಾನದಿಂದಾಗುವ ನಷ್ಟವನ್ನು ತುಂಬಿಕೊಳ್ಳಲು ಸಾವಿರ ಮಂದಿ ಓದುಗರನ್ನು ಏಕಕಾಲದಲ್ಲಿ ನಿಲ್ಲಿಸಿದರು. ಎಲ್.ಟಿ.ಇ. ಎಂಬ ನಾಲ್ಕನೆಯ ತಲೆಮಾರಿನ ಮೊಬೈಲ್ ಪದ್ಧತಿಯಲ್ಲಿ ೨೦ ಮೆಗಾಹರ್ಟ್ಸ್ ಅಗಲದೊಳಗೆ ೧೨೦೦ ಕಿರುವಾಹಕಗಳಿವೆ. ಒಂದೊಂದರ ಮೇಲಣ ಸಂಕೇತವೂ ೬೬.೭ ಮೈಕ್ರೋಸೆಕೆಂಡು, ಎಂದರೆ ಸೆಕೆಂಡಿನ ದಶಲಕ್ಷಾಂಶಗಳಲ್ಲಿ ೬೬.೭ರಷ್ಟು, ನಿಲ್ಲುತ್ತದೆ. ಒಂದು ಮೈಕ್ರೋಸೆಕೆಂಡಿನ ಮಾರ್ದನಿಯು ಈಗ ಅದರ ಅಂಚನ್ನು ಮಾತ್ರ ಮುಟ್ಟೀತು.

ಸಾವಿರ ಮಂದಿ ಏಕಕಾಲದಲ್ಲಿ ಓದಿದರೆ ಅವರನ್ನು ಬೇರ್ಪಡಿಸಿ ಕೇಳುವುದು ಹೇಗೆಂಬ ಪ್ರಶ್ನೆಯು ಸಹಜವಾದುದು. ಇದರ ಉತ್ತರಕ್ಕೆ ತಾಳದ ದೃಷ್ಟಾಂತವು ಒದಗುತ್ತದೆ. ಒಂದು ತಾಳದ ಒಂದು ಆವರ್ತನದೊಳಗೆ ಒಬ್ಬನು ಮೂರು ಸಮಪೆಟ್ಟುಗಳನ್ನೂ, ಇನ್ನೊಬ್ಬನು ನಾಲ್ಕನ್ನೂ, ಮತ್ತೊಬ್ಬನು ಐದನ್ನೂ ಹಾಕುತ್ತಾರೆಂದು ಭಾವಿಸಬಹುದು. ಎಲ್ಲರ ನಡೆಯೂ ಬೇರೆ ಬೇರೆ; ಆದರೆ ಆವರ್ತನವು ಮುಗಿಯುವಲ್ಲಿ ಪ್ರತಿಯೊಬ್ಬನ ಎಣಿಕೆಯೂ ಪೂರ್ಣಸಂಖ್ಯೆಯಲ್ಲಿ ಮುಗಿಯುತ್ತದೆ. ಕಿರುವಾಹಕಗಳ ಕಂಪನಸಂಖ್ಯೆಗಳನ್ನೂ ಹಾಗೆಯೇ ಆರಿಸಲಾಗಿದೆ. ಒಂದು ಆವರ್ತನದಲ್ಲಿ ಒಂದು ವಾಹಕವು ನೂರು ಸಲ ಕಂಪಿಸಿದರೆ ಅದರ ನೆರೆಯದು ನೂರೊಂದು ಸಲ, ಅದರಾಚೆಯದು ನೂರೆರಡು ಸಲ. ಗ್ರಾಹಕಯಂತ್ರವು ಬಂದ ಮಿಶ್ರಣವನ್ನು ತಾನು ಬಯಸಿದ ವಾಹಕದ ಪ್ರತಿರೂಪದಿಂದ ಗುಣಿಸಿ, ಒಂದಿಡೀ ಆವರ್ತನದ ಮೇಲೆ ಕೂಡುತ್ತದೆ. ಬಯಸಿದ ವಾಹಕದ ಪಾಲು ಕೂಡುತ್ತ ಬೆಳೆಯುತ್ತದೆ. ಉಳಿದವುಗಳ ಧನಭಾಗವೂ ಋಣಭಾಗವೂ ಸರಿಸಮನಾಗಿ ಮೊತ್ತವು ಸೊನ್ನೆಯಾಗುತ್ತದೆ. ಈ ಗುಣಕ್ಕೆ ಗಣಿತದಲ್ಲಿ ಲಂಬತ್ವವೆಂದು ಹೆಸರು. ಇದು ನಿಲ್ಲಬೇಕಾದರೆ ಎರಡು ಕಟ್ಟುಗಳುಂಟು: ಕಂಪನಗಳು ಪೂರ್ಣಸಂಖ್ಯೆಯವಾಗಿರಬೇಕು, ಕೂಡುವಿಕೆಯು ಒಂದು ಪೂರ್ಣ ಆವರ್ತನದ ಮೇಲಿರಬೇಕು. ಮುಂದೆ ಬರುವ ಸಂಕರವೆಲ್ಲ ಈ ಎರಡು ಕಟ್ಟುಗಳು ಸಡಿಲವಾದುದರ ಫಲ.

ಬೆಲ್ ಪ್ರಯೋಗಶಾಲೆಯ ಆರ್. ಡಬ್ಲ್ಯೂ. ಚಾಂಗ್ ಎಂಬವರು ೧೯೬೬ರಲ್ಲಿ ಈ ತತ್ತ್ವವನ್ನು ಕ್ರಮವಾಗಿ ನಿರೂಪಿಸಿದರು. ಆದರೆ ಸಾವಿರ ವಾಹಕಗಳಿಗೆ ಸಾವಿರ ಆಂದೋಲಕಗಳನ್ನು ಕಟ್ಟಬೇಕಾದರೆ ಆ ತತ್ತ್ವವು ಕಾಗದದ ಮೇಲೆಯೇ ಉಳಿಯುತ್ತಿದ್ದಿತು. ೧೯೭೧ರಲ್ಲಿ ವೈನ್‌ಸ್ಟೈನ್ ಮತ್ತು ಎಬರ್ಟ್ ಎಂಬಿಬ್ಬರು ಆಂದೋಲಕಗಳನ್ನೆಲ್ಲ ತೊರೆದು, ಫೂರಿಯೆ ಪರಿವರ್ತನವೆಂಬ ಒಂದು ಲೆಕ್ಕದಿಂದಲೇ ಇಡೀ ಮಿಶ್ರಣವನ್ನು ಹುಟ್ಟಿಸಬಹುದೆಂದು ತೋರಿಸಿದರು. ಆ ಲೆಕ್ಕವನ್ನು ಶೀಘ್ರವಾಗಿ ಮಾಡುವ ಉಪಾಯವನ್ನು ಕೂಲಿ ಮತ್ತು ಟ್ಯೂಕಿ ೧೯೬೫ರಲ್ಲಿ ಪ್ರಕಟಿಸಿದ್ದರು. ೧೦೨೪ ಬಿಂದುಗಳಿಗೆ ನೇರವಾಗಿ ಲೆಕ್ಕಮಾಡಿದರೆ ಹತ್ತು ಲಕ್ಷಕ್ಕೂ ಮೀರಿದ ಗುಣಾಕಾರಗಳು ಬೇಕು. ಉಪಾಯದಿಂದ ಮಾಡಿದರೆ ಸ್ಥೂಲವಾಗಿ ಹತ್ತು ಸಾವಿರ ಸಾಕು. ಇದೇ ಉಪಾಯವನ್ನು ಜರ್ಮನಿಯ ಗೌಸನು ೧೮೦೫ರ ಸುಮಾರಿಗೆ ಕ್ಷುದ್ರಗ್ರಹಗಳ ಕಕ್ಷೆಯನ್ನು ಗಣಿಸುವುದಕ್ಕಾಗಿ ಕಂಡುಕೊಂಡು ಬರೆದಿಟ್ಟಿದ್ದನು. ಅವನ ಬರೆಹವು ಅವನು ತೀರಿಕೊಂಡ ಮೇಲೆ ಅಚ್ಚಾಯಿತು. ಓದಿದವರು ಅದರ ಬೆಲೆಯನ್ನು ಅರಿಯಲಿಲ್ಲ. ಸಿಮಿನಿ ಎಂಬವರು ೧೯೮೫ರಲ್ಲಿ ಈ ಪದ್ಧತಿಯು ಚಲಿಸುವ ಫೋನುಗಳಿಗೂ ತಕ್ಕುದೆಂದು ವಾದಿಸಿದರು. ೧೯೯೫ರಲ್ಲಿ ಯೂರೋಪಿನ ಡಿಜಿಟಲ್ ರೇಡಿಯೋ, ೧೯೯೯ರಲ್ಲಿ ವೈ-ಫೈಯ ಒಂದು ಪ್ರಮಾಣ, ೨೦೦೯ರಲ್ಲಿ ಸ್ಟಾಕ್‌ಹೋಮ್ ಮತ್ತು ಓಸ್ಲೋ ನಗರಗಳ ಎಲ್.ಟಿ.ಇ. ಸೇವೆ, ಹೀಗೆ ಅದು ಎಲ್ಲೆಡೆಯೂ ಬೇರೂರಿತು.

ಇನ್ನು ಸಂಕರದ ವಿಚಾರ. ಮಾರ್ದನಿಯಿಂದ ಒಂದು ಆವರ್ತನದ ಬಾಲವು ಮುಂದಿನ ಆವರ್ತನದ ತಲೆಯ ಮೇಲೆ ಬೀಳುವುದುಂಟಷ್ಟೆ. ಅದಕ್ಕಾಗಿ ಎರಡು ಆವರ್ತನಗಳ ನಡುವೆ ಸ್ವಲ್ಪ ಕಾಪುಕಾಲವನ್ನು ಬಿಡುತ್ತಾರೆ. ಆ ಕಾಲವನ್ನು ಬರಿದಾಗಿ ಬಿಟ್ಟರೆ ತಡವಾಗಿ ಬಂದ ವಾಹಕದ ಮುಂಭಾಗವು ಖಾಲಿಯಾಗಿ, ಪೂರ್ಣಸಂಖ್ಯೆಯ ಕಟ್ಟು ಮುರಿಯುತ್ತದೆ. ಪೆಲೆಡ್ ಮತ್ತು ರುಯಿಜ್ ಎಂಬವರು ೧೯೮೦ರಲ್ಲಿ ಒಂದು ಸರಳವಾದ ಯುಕ್ತಿಯನ್ನು ಸೂಚಿಸಿದರು: ಆವರ್ತನದ ಕೊನೆಯ ತುಂಡನ್ನೇ ನಕಲುಮಾಡಿ ಅದರ ಮೊದಲಿಗೆ ಅಂಟಿಸುವುದು. ಮುಕ್ತಪದಗ್ರಸ್ತದಲ್ಲಿ ಒಂದು ಪಾದದ ಕೊನೆಯ ಪದವು ಮುಂದಿನ ಪಾದದ ಮೊದಲಿಗೆ ಬರುತ್ತದೆ. ಇಲ್ಲಿ ಪಾದವು ತನ್ನ ಕೊನೆಯನ್ನು ತನ್ನ ಮೊದಲಿಗೇ ತಂದುಕೊಳ್ಳುತ್ತದೆ. ಆಗ ತಡವಾಗಿ ಬಂದ ಪ್ರತಿಯಲ್ಲಿಯೂ ಗ್ರಾಹಕವು ಕೂಡುವ ಕಾಲಾವಧಿಯೊಳಗೆ ಪೂರ್ಣಸಂಖ್ಯೆಯ ಕಂಪನಗಳೇ ದೊರೆಯುತ್ತವೆ. ಕಾಪುಕಾಲದ ಉದ್ದವು ಮಾರ್ದನಿಯ ದೂರವನ್ನು ಅನುಸರಿಸುತ್ತದೆ. ಮನೆಯೊಳಗಿನ ವೈ-ಫೈಗೆ ೦.೮ ಮೈಕ್ರೋಸೆಕೆಂಡು, ಎಂದರೆ ೨೪೦ ಮೀಟರು, ಎಲ್.ಟಿ.ಇ.ಗೆ ಸುಮಾರು ೪.೭, ಎಂದರೆ ೧.೪ ಕಿಲೋಮೀಟರು, ಡಿಜಿಟಲ್ ರೇಡಿಯೋಗೆ ೨೪೬, ಎಂದರೆ ೭೪ ಕಿಲೋಮೀಟರಿನಷ್ಟು. ಈ ಕೊನೆಯದರಲ್ಲಿ ದೇಶದ ಹಲವು ಪ್ರೇಷಕಗಳು ಒಂದೇ ಕಂಪನಸಂಖ್ಯೆಯಲ್ಲಿ ಒಂದೇ ಕಾರ್ಯಕ್ರಮವನ್ನು ಹೊರಡಿಸಬಹುದು. ದೂರದ ಪ್ರೇಷಕದ ಧ್ವನಿಯು ಹತ್ತಿರದ್ದರ ಮಾರ್ದನಿಯಂತೆ ನಡೆದುಕೊಳ್ಳುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಕಾಲ. ೧೯೯೯ರ ವೈ-ಫೈಯಲ್ಲಿ ೩.೨ ಮೈಕ್ರೋಸೆಕೆಂಡಿನ ಆವರ್ತನಕ್ಕೆ ೦.೮ರ ಕಾಪು ಸೇರಿ ಐದರಲ್ಲೊಂದು ಪಾಲು ಕಾಲವು ಹೊಸ ಸುದ್ದಿಯಿಲ್ಲದೆ ಕಳೆಯುತ್ತದೆ.

ಎರಡನೆಯ ಬಗೆಯ ಸಂಕರಕ್ಕೆ ಚಲನೆಯೇ ಕಾರಣ. ಹತ್ತಿರ ಬರುವ ರೈಲಿನ ಕೂಗು ಏರುವಂತೆಯೂ ದೂರ ಹೋಗುವುದರದು ಇಳಿಯುವಂತೆಯೂ, ಓಡುತ್ತಿರುವ ಗ್ರಾಹಕಕ್ಕೆ ವಾಹಕದ ಕಂಪನಸಂಖ್ಯೆಯು ಬದಲಾಗಿ ತೋರುತ್ತದೆ. ಡಾಪ್ಲರನು ೧೮೪೨ರಲ್ಲಿ ಹೇಳಿದ ನಿಯಮವಿದು. ಗಂಟೆಗೆ ೩೦೦ ಕಿಲೋಮೀಟರ್ ವೇಗದ ರೈಲಿನಲ್ಲಿ ೨ ಗಿಗಾಹರ್ಟ್ಸ್ ತರಂಗವು ಸುಮಾರು ೫೫೫ ಹರ್ಟ್ಸ್ ಸರಿಯುತ್ತದೆ. ಎಲ್.ಟಿ.ಇ. ವಾಹಕಗಳ ನಡುವಣ ಅಂತರ ೧೫,೦೦೦ ಹರ್ಟ್ಸ್ ಆದುದರಿಂದ ಇದು ನೂರಕ್ಕೆ ನಾಲ್ಕಕ್ಕಿಂತ ಕಡಮೆ; ತಾಳಿಕೊಳ್ಳಬಹುದು. ಆದರೆ ಅದೇ ರೈಲಿನಲ್ಲಿ ೨೮ ಗಿಗಾಹರ್ಟ್ಸ್ ತರಂಗವು ಸರಿಯುವುದು ಸುಮಾರು ೭,೮೦೦ ಹರ್ಟ್ಸ್. ಅಂತರದ ಅರ್ಧಕ್ಕೂ ಹೆಚ್ಚಾದ ಈ ಜಾರಿನಲ್ಲಿ ಪ್ರತಿಯೊಂದು ವಾಹಕವೂ ನೆರೆಯದರ ಮನೆಯೊಳಗೆ ಕಾಲಿಟ್ಟಂತಾಗುತ್ತದೆ. ಐದನೆಯ ತಲೆಮಾರಿನ ಪದ್ಧತಿಯಲ್ಲಿ ಅಂತರವನ್ನು ೩೦, ೬೦, ೧೨೦ ಕಿಲೋಹರ್ಟ್ಸ್‌ಗಳವರೆಗೆ ಅಗಲಿಸಲು ಅವಕಾಶಮಾಡಿರುವುದಕ್ಕೆ ಮೇಲಣ ತರಂಗಗಳ ಈ ಬಗೆಯ ಜಾರುವಿಕೆಯೂ ಒಂದು ಕಾರಣ.

ಹೆಲ್ಸಿಂಕಿಯ ಝಾವ್ ಮತ್ತು ಹೆಗ್ಮನ್ ಎಂಬ ಸಂಶೋಧಕರು ೨೦೦೧ರಲ್ಲಿ ವಿವರಿಸಿದ ಸ್ವಯಂಖಂಡನದ ವಿಧಾನವು ಇಲ್ಲಿ ಹೇಳತಕ್ಕುದು. ಜಾರಿದ ಎರಡು ನೆರೆಯ ವಾಹಕಗಳು ದೂರದ ಮೂರನೆಯ ವಾಹಕದ ಮೇಲೆ ಮಾಡುವ ಬಾಧೆಯು ಹೆಚ್ಚುಕಡಮೆ ಸಮನಾಗಿರುತ್ತದೆ. ಆದುದರಿಂದ ಒಂದೇ ಸಂಕೇತವನ್ನು ಒಂದರ ಮೇಲೆ ಧನವಾಗಿಯೂ ನೆರೆಯದರ ಮೇಲೆ ಋಣವಾಗಿಯೂ ಹೊರಿಸಿದರೆ ಎರಡರ ಬಾಧೆಗಳೂ ಒಂದನ್ನೊಂದು ಬಹುಮಟ್ಟಿಗೆ ಅಳಿಸಿಹಾಕುತ್ತವೆ. ಯುಕ್ತಿಯು ಅಂದವಾದುದೇ, ಆದರೆ ಒಂದು ಸುದ್ದಿಗೆ ಎರಡು ವಾಹಕಗಳು ಬೇಕಾದುದರಿಂದ ಹೊರೆಯು ಅರ್ಧಕ್ಕಿಳಿಯುತ್ತದೆ. ವಾಹಕದ ಸ್ಥಳಕ್ಕೆ ಸರ್ಕಾರಗಳು ಸಾವಿರಾರು ಕೋಟಿ ರೂಪಾಯಿಗಳ ಹರಾಜು ನಡೆಸುವ ಕಾಲದಲ್ಲಿ ಅರ್ಧವನ್ನು ಬಿಟ್ಟುಕೊಡಲು ಯಾರೂ ಸುಲಭವಾಗಿ ಒಪ್ಪುವುದಿಲ್ಲ.

ಶಿಖರಶಕ್ತಿಯ ಪ್ರಶ್ನೆಯು ಇದಕ್ಕಿಂತ ಗಹನವಾದುದು. ಅದು ಮಾರ್ದನಿ, ಚಲನೆಗಳಂತೆ ಹೊರಗಿನಿಂದ ಬಂದುದಲ್ಲ, ಪದ್ಧತಿಯ ಹೊಟ್ಟೆಯಲ್ಲಿಯೇ ಹುಟ್ಟಿದುದು. ಮತ್ತೆ ತಾಳದ ದೃಷ್ಟಾಂತಕ್ಕೆ ಬಂದರೆ, ಮೂರು ನಾಲ್ಕು ಐದು ನಡೆಗಳ ವಾದಕರೆಲ್ಲರೂ ಸಮದಿಂದಲೇ ಎತ್ತಿಕೊಂಡರೆ ಸಮದಲ್ಲಿ ಎಲ್ಲರ ಪೆಟ್ಟೂ ಒಟ್ಟಿಗೆ ಬೀಳುತ್ತದೆ, ನಡುವೆ ಚದರಿಹೋಗುತ್ತದೆ. ಒಬ್ಬೊಬ್ಬರ ಎಡುಪನ್ನು ಬೇರೆ ಬೇರೆ ಕಡೆ ಇಟ್ಟರೆ ಅಂಥ ದೊಡ್ಡ ಪೆಟ್ಟು ಬೀಳದು. ವಾಹಕಗಳ ವಿಷಯದಲ್ಲಿ ಎಡುಪನ್ನು ನಿರ್ಣಯಿಸುವುದು ಅವು ಹೊತ್ತ ಸುದ್ದಿಯೇ. ಆದುದರಿಂದ ಯಾವ ಆವರ್ತನದಲ್ಲಿ ಎಷ್ಟು ವಾಹಕಗಳು ಒಮ್ಮೆಗೇ ಏಳುವುವೆಂಬುದು ಮೊದಲೇ ತಿಳಿಯದು. ನಾಲ್ಕು ಸಮಾನ ವಾಹಕಗಳು ಒಂದಾಗಿ ಎದ್ದರೆ ಎತ್ತರವು ನಾಲ್ಕು ಪಟ್ಟು; ಶಕ್ತಿಯು ಎತ್ತರದ ವರ್ಗವಾದುದರಿಂದ ಹದಿನಾರು ಪಟ್ಟು. ಸರಾಸರಿ ಶಕ್ತಿಯಾದರೋ ನಾಲ್ಕೇ. ಶಿಖರಕ್ಕೂ ಸರಾಸರಿಗೂ ಇರುವ ಅನುಪಾತವು ಹೀಗೆ ವಾಹಕಗಳ ಸಂಖ್ಯೆಯವರೆಗೆ ಏರಬಲ್ಲುದು. ೬೪ ವಾಹಕಗಳಿಗೆ ೬೪.

ಇದರಿಂದ ಕಷ್ಟಪಡುವುದು ಪ್ರೇಷಕದ ಕೊನೆಯಲ್ಲಿರುವ ವರ್ಧಕ, ಅಂದರೆ ಆಂಪ್ಲಿಫೈಯರು. ಪ್ರತಿಯೊಂದು ವರ್ಧಕಕ್ಕೂ ಒಂದು ಮೇಲ್ಮಿತಿಯುಂಟು. ಅದನ್ನು ಮೀರಿ ಬಂದುದನ್ನು ಅದು ಮೊಟಕುಮಾಡುತ್ತದೆ. ಮೊಟಕಾದ ತರಂಗದಲ್ಲಿ ಹೊಸ ಕಂಪನಸಂಖ್ಯೆಗಳು ಹುಟ್ಟುತ್ತವೆ. ಒಂದು ವಾಹಕದ ಕಂಪನಸಂಖ್ಯೆಯ ಎರಡರಷ್ಟರಲ್ಲಿ ಇನ್ನೊಂದರದನ್ನು ಕಳೆದರೆ ಬರುವ ಸಂಖ್ಯೆಗಳು ಅವುಗಳಲ್ಲಿ ಮುಖ್ಯವಾದುವು. ಅಂತರಗಳೆಲ್ಲ ಸಮಾನವಾಗಿರುವುದರಿಂದ ಈ ಅಕಾಲಸಂತಾನವು ನೆಟ್ಟಗೆ ಬೇರೆ ವಾಹಕಗಳ ಮೇಲೆಯೇ ಬಂದು ಕೂರುತ್ತದೆ. ಉಳಿದುದು ಎಲ್ಲೆಯಾಚೆಗೆ ಚೆಲ್ಲಿ, ಮೂಲದ ಮೂರರಷ್ಟು ಅಗಲವನ್ನು ಆಕ್ರಮಿಸಿ, ನೆರೆಯ ಸಂಸ್ಥೆಯ ತರಂಗಗಳನ್ನು ಕೆಡಿಸುತ್ತದೆ. ಮೊದಲು ಬೇರೆ ಬೇರೆಯಾಗಿ ಕಂಡ ಎರಡು ದೋಷಗಳು ಇಲ್ಲಿ ಒಂದಾಗುತ್ತವೆ: ತಾಳಲಾರದ ಶಿಖರವೇ ಸಂಕರವಾಗಿ ಪರಿಣಮಿಸುತ್ತದೆ.

ಶಿಖರವು ಮಿತಿಯನ್ನು ಮುಟ್ಟದಂತೆ ವರ್ಧಕವನ್ನು ತಗ್ಗಿಸಿ ನಡೆಸಬಹುದು. ಹತ್ತರಷ್ಟು ತಗ್ಗಿಸಿದರೆ, ಎಂದರೆ ೧೦ ಡೆಸಿಬೆಲ್ ಇಳಿಸಿದರೆ, ಆಗುವ ಹಾನಿಯನ್ನು ಲೆಕ್ಕಮಾಡುವುದು ಸುಲಭ. ಎ-ವರ್ಗದ ಆದರ್ಶ ವರ್ಧಕವು ಪೂರ್ಣ ದುಡಿಮೆಯಲ್ಲಿ ನೂರಕ್ಕೆ ೫೦ರಷ್ಟು ವಿದ್ಯುತ್ತನ್ನು ತರಂಗವಾಗಿ ಮಾರ್ಪಡಿಸುತ್ತದೆ. ಹತ್ತರಷ್ಟು ತಗ್ಗಿಸಿದಾಗ ಅದು ನೂರಕ್ಕೆ ೫ಕ್ಕೆ ಇಳಿಯುತ್ತದೆ, ಉಳಿದ ೯೫ ಶಾಖವಾಗಿ ಹೋಗುತ್ತದೆ. ಬಿ-ವರ್ಗದ್ದು ೭೮.೫ರಿಂದ ಸುಮಾರು ೨೫ಕ್ಕೆ ಇಳಿಯುತ್ತದೆ. ಫೋನಿನ ಬ್ಯಾಟರಿ ಬೇಗ ತೀರುವುದೂ, ಗೋಪುರದ ಬುಡದಲ್ಲಿ ವಿದ್ಯುತ್ತಿನ ಖರ್ಚು ಏರುವುದೂ, ಹಳ್ಳಿಯ ಅಂಚಿನವರೆಗೆ ಮುಟ್ಟಬೇಕಾದ ತರಂಗವು ನಡುವೆಯೇ ಸೊರಗುವುದೂ ಇದರಿಂದಲೇ. ಡೊಹರ್ಟಿ ಎಂಬವರು ೧೯೩೬ರಲ್ಲಿ ಹಳೆಯ ರೇಡಿಯೋ ನಿಲಯಗಳಿಗಾಗಿ, ಸಾಮಾನ್ಯ ಮಟ್ಟಕ್ಕೆ ಒಂದು ಮತ್ತು ಶಿಖರಕ್ಕೆ ನೆರವಾಗಲು ಇನ್ನೊಂದು ಎಂದು ಎರಡು ವರ್ಧಕಗಳನ್ನು ಜೊತೆಗೂಡಿಸಿದ್ದರು. ಬಹುಕಾಲ ಮೂಲೆಯಲ್ಲಿದ್ದ ಆ ರಚನೆಯು ಈಗ ಮೊಬೈಲ್ ಗೋಪುರಗಳಲ್ಲಿ ಮರಳಿ ಬಳಕೆಗೆ ಬಂದಿದೆ.

ಶಿಖರವು ಅಪರೂಪವಾದರೆ ಇಷ್ಟೇಕೆ ಹೆದರಬೇಕೆಂದು ಕೇಳಬಹುದು. ಪೂರ್ಣಶಿಖರವು ನಿಜವಾಗಿಯೂ ಅಪರೂಪ. ಧನ ಋಣಗಳೆರಡೇ ಬೆಲೆಗಳುಳ್ಳ ೬೪ ವಾಹಕಗಳಲ್ಲಿ ಅದನ್ನು ಹುಟ್ಟಿಸುವ ಜೋಡಣೆಗಳು ನಾಲ್ಕೇ. ಸೆಕೆಂಡಿಗೆ ಎರಡೂವರೆ ಲಕ್ಷ ಆವರ್ತನಗಳಂತೆ ಎಡೆಬಿಡದೆ ಕಳುಹಿಸಿದರೂ ಸರಾಸರಿ ಐದೂಮುಕ್ಕಾಲು ಲಕ್ಷ ವರ್ಷಗಳಿಗೊಮ್ಮೆ ಬಂದೀತು. ಪೂರ್ಣಶಿಖರದ ಪ್ರಮೇಯಗಳಲ್ಲಿಯೇ ಮುಳುಗಿದ ಕೆಲವು ಪ್ರಬಂಧಗಳು ಈ ಎಣಿಕೆಯನ್ನು ಮರೆತಂತೆ ಕಾಣುತ್ತವೆ. ಬಾಧಿಸುವುದು ನಡುವಣ ಶಿಖರಗಳು. ಸರಾಸರಿಯ ಹತ್ತರಷ್ಟನ್ನು ಮೀರುವ ಶಿಖರವು ೬೪ ವಾಹಕಗಳಿದ್ದಲ್ಲಿ ಸಾವಿರ ಆವರ್ತನಗಳಲ್ಲಿ ಸುಮಾರು ಮೂರರಲ್ಲಿಯೂ, ೧೦೨೪ ವಾಹಕಗಳಿದ್ದಲ್ಲಿ ಸುಮಾರು ನಲವತ್ತೈದರಲ್ಲಿಯೂ ಬರುತ್ತದೆ. ಇದು ಸೆಕೆಂಡಿಗೆ ಸಾವಿರಾರು ಆವರ್ತನಗಳು ಹೊರಡುವಲ್ಲಿ ನಿತ್ಯದ ಮಾತು.

ಈ ಶಿಖರವನ್ನು ಹುಟ್ಟುವ ಮೊದಲೇ ತಡೆಯಲಾಗದೆ? ನಾಲ್ಕು ವಾಹಕಗಳ ಚಿಕ್ಕ ಉದಾಹರಣೆಯಿಂದ ವಿಷಯವು ಸ್ಪಷ್ಟವಾಗುತ್ತದೆ. ಧನಚಿಹ್ನೆಯ ವಾಹಕವನ್ನು ಗುರುವೆಂದೂ ಋಣಚಿಹ್ನೆಯದನ್ನು ಲಘುವೆಂದೂ ಬರೆದುಕೊಂಡರೆ, ನಾಲ್ಕು ವಾಹಕಗಳು ಹೊರಬಲ್ಲ ಸುದ್ದಿಗಳೆಲ್ಲವೂ ನಾಲ್ಕಕ್ಷರದ ಪ್ರತಿಷ್ಠಾ ಛಂದಸ್ಸಿನ ಪ್ರಸ್ತಾರವೇ ಆಗಿ, ೧೬ ರೂಪಗಳು ದೊರೆಯುತ್ತವೆ. ಒಂದೊಂದು ರೂಪದ ಶಿಖರಶಕ್ತಿಯನ್ನೂ ಲೆಕ್ಕಮಾಡಿದಾಗ ಅವು ಮೂರು ಗುಂಪುಗಳಾಗಿ ಒಡೆಯುತ್ತವೆ. ನಾಲ್ಕೂ ಗುರು, ನಾಲ್ಕೂ ಲಘು, ಗುರುಲಘುಗಳು ಒಂದುಬಿಟ್ಟೊಂದು ಬರುವ ಎರಡು ರೂಪಗಳು, ಈ ನಾಲ್ಕಕ್ಕೆ ಶಿಖರವು ೧೬. ಗು-ಗು-ಲ-ಲ, ಗು-ಲ-ಲ-ಗು, ಮತ್ತು ಇವುಗಳನ್ನು ತಿರುವುಮಾಡಿದ ಎರಡು, ಈ ನಾಲ್ಕಕ್ಕೆ ೯.೪೮. ಉಳಿದ ಎಂಟಕ್ಕೆ ೭.೦೮ ಮಾತ್ರ. ಆ ಎಂಟನ್ನು ನೋಡಿದರೆ ಒಂದು ಲಕ್ಷಣವು ಎದ್ದುಕಾಣುತ್ತದೆ: ಅವುಗಳಲ್ಲಿ ಲಘುಗಳ ಸಂಖ್ಯೆ ಒಂದು ಇಲ್ಲವೆ ಮೂರು, ಎಂದರೆ ಬೆಸ. ಲಗಕ್ರಿಯೆಯಿಂದ ನಾಲ್ಕಕ್ಷರಕ್ಕೆ ದೊರೆಯುವ ೧, ೪, ೬, ೪, ೧ ಎಂಬ ಎಣಿಕೆಯಲ್ಲಿ ಎರಡು ನಾಲ್ಕುಗಳು ಸೇರಿ ಎಂಟಾಗುವುದು ಇಲ್ಲಿಯೇ.

ಆದುದರಿಂದ ಮೂರು ವಾಹಕಗಳಿಗೆ ಸುದ್ದಿಯನ್ನು ಬೇಕಾದಂತೆ ಹೊರಿಸಿ, ನಾಲ್ಕನೆಯದನ್ನು ಲಘುಗಳ ಸಂಖ್ಯೆಯು ಬೆಸವಾಗುವಂತೆ ತುಂಬಿದರೆ, ಶಿಖರವು ಎಂದಿಗೂ ೭.೦೮ನ್ನು ಮೀರದು. ಜೋನ್ಸ್, ವಿಲ್ಕಿನ್ಸನ್ ಮತ್ತು ಬಾರ್ಟನ್ ಎಂಬವರು ೧೯೯೪ರಲ್ಲಿ ತೋರಿಸಿದುದು ಇದನ್ನೇ. ಸುದ್ದಿಯ ಕ್ರಮಸಂಖ್ಯೆಯಿಂದ ರೂಪವನ್ನು ಕಂಡುಹಿಡಿಯುವ ಪ್ರೇಷಕದ ಕೆಲಸವು ಪಿಂಗಲನೂ ಕನ್ನಡದಲ್ಲಿ ನಾಗವರ್ಮನೂ ಹೇಳುವ ನಷ್ಟಕ್ಕೂ, ರೂಪದಿಂದ ಸಂಖ್ಯೆಯನ್ನು ಕಾಣುವ ಗ್ರಾಹಕದ ಕೆಲಸವು ಉದ್ದಿಷ್ಟಕ್ಕೂ ಹೋಲುತ್ತದೆ. ಪ್ರಾಚೀನರು ರೇಡಿಯೋವನ್ನು ಬಲ್ಲವರಾಗಿದ್ದರೆಂದು ಇದರಿಂದ ಯಾರಾದರೂ ಸಾಧಿಸಹೊರಟರೆ ಅದು ನಗೆಗೀಡಾದ ಮಾತು. ಎರಡೇ ಬೆಲೆಗಳ ಸಾಲುಗಳನ್ನು ಎಣಿಸುವ ಗಣಿತವು ಒಂದೇ. ಪದ್ಯಕ್ಕೂ ತರಂಗಕ್ಕೂ ಅದು ಸಮನಾಗಿ ಒದಗಿತೆಂಬುದಷ್ಟೇ ಸತ್ಯ.

ಆದರೆ ಬೆಸಲಘುವಿನ ಸೂತ್ರವು ನ���ಲ್ಕರಾಚೆಗೆ ಹೀಗೆ ಕಾಯುವುದಿಲ್ಲ. ಎಂಟು ವಾಹಕಗಳಲ್ಲಿ ಒಂದೇ ಲಘುವಿದ್ದ ರೂಪದ ಎತ್ತರವು ಆರಕ್ಕೆ ಏರುತ್ತದೆ. ಶಕ್ತಿ ೩೬, ಸರಾಸರಿಯ ನಾಲ್ಕೂವರೆಯಷ್ಟು. ಹೆಚ್ಚು ವಾಹಕಗಳಿಗೆ ಬೇರೆ ತತ್ತ್ವವು ಬೇಕಾಯಿತು. ಅದು ದೊರೆತುದು ರೇಡಿಯೋಗೆ ಸಂಬಂಧವೇ ಇಲ್ಲದ ಕಡೆಯಿಂದ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಮಾರ್ಸೆಲ್ ಗೊಲೆ ಎಂಬವರು ೧೯೪೯–೫೧ರಲ್ಲಿ ರಕ್ತಾತೀತ ಕಿರಣಗಳ ವರ್ಣಪಟಲವನ್ನು ಪರೀಕ್ಷಿಸುವ ಯಂತ್ರಕ್ಕಾಗಿ ಪರಸ್ಪರ ಪೂರಕವಾದ ಸಾಲುಜೋಡಿಗಳನ್ನು ಕಲ್ಪಿಸಿದ್ದರು. ಗು-ಗು-ಗು-ಲ ಎಂಬ ಸಾಲನ್ನೂ ಗು-ಗು-ಲ-ಗು ಎಂಬ ಸಾಲನ್ನೂ ನಾಲ್ಕು ವಾಹಕಗಳ ಮೇಲೆ ಬೇರೆ ಬೇರೆಯಾಗಿ ಹೊರಿಸಿದರೆ, ಒಂದರ ಶಕ್ತಿಯು ಏರುವ ಕ್ಷಣದಲ್ಲಿ ಇನ್ನೊಂದರದು ಅಷ್ಟೇ ಇಳಿಯುತ್ತದೆ. ಎರಡರ ಮೊತ್ತವು ಸದಾ ೮. ಶಕ್ತಿಯು ಸೊನ್ನೆಗಿಂತ ಕೆಳಗಿಳಿಯಲಾರದಾದುದರಿಂದ ಯಾವುದೊಂದೂ ಎಂಟನ್ನು ಮೀರಲಾರದು. ಎಂದರೆ ಸರಾಸರಿಯ ಎರಡರಷ್ಟೇ ಶಿಖರದ ಮೇಲ್ಮಿತಿ. ವಾಹಕಗಳು ಸಾವಿರವಾದರೂ ಈ ಎರಡೆಂಬುದು ಬದಲಾಗದು. ಜೋಡಿಯನ್ನು ಬೆಳೆಸುವುದೂ ಸುಲಭ: ಮೊದಲನೆಯ ಸಾಲಿನ ಮುಂದೆ ಎರಡನೆಯದನ್ನು ಹಾಗೆಯೇ ಬರೆದರೆ ಒಂದು, ಎರಡನೆಯದನ್ನು ಗುರುಲಘು ತಿರುವುಮಾಡಿ ಬರೆದರೆ ಇನ್ನೊಂದು, ಇವೆರಡೂ ಸೇರಿ ಇಮ್ಮಡಿ ಉದ್ದದ ಹೊಸ ಜೋಡಿಯಾಗುತ್ತದೆ. ಈ ಸಾಲುಗಳು ಬಹುವಾಹಕಗಳ ಶಿಖರವನ್ನು ಎರಡಕ್ಕೆ ಕಟ್ಟಿಹಾಕುತ್ತವೆಂದು ಪೊಪೊವಿಚ್ ೧೯೯೧ರಲ್ಲಿ ತೋರಿಸಿದರು. ಡೇವಿಸ್ ಮತ್ತು ಜೆಡ್ವಾಬ್ ೧೯೯೯ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಇವು ರೀಡ್–ಮುಲ್ಲರ್ ಸಂಕೇತಗಳೆಂಬ ದೋಷನಿವಾರಕ ಸಾಲುಗಳೊಳಗೇ ಅಡಗಿವೆಯೆಂದು ಸ್ಥಾಪಿಸಿದರು. ೧೯೭೧–೭೨ರಲ್ಲಿ ಮ್ಯಾರಿನರ್ ೯ ಎಂಬ ನೌಕೆಯು ಮಂಗಳಗ್ರಹದ ಚಿತ್ರಗಳನ್ನು ಕಳುಹಿಸಿದುದು ಇದೇ ಕುಟುಂಬದ ಸಂಕೇತದಿಂದ. ಹೀಗಾಗಿ ಒಂದೇ ಸಾಲು ಶಿಖರವನ್ನೂ ತಡೆಯಿತು, ದಾರಿಯಲ್ಲಾದ ತಪ್ಪನ್ನೂ ತಿದ್ದಿತು.

ಇಷ್ಟು ಚೆಲುವಾದ ಸಿದ್ಧಾಂತವು ಮೊಬೈಲ್ ಪದ್ಧತಿಗಳ ಸುದ್ದಿಯನ್ನು ಹೊರುವ ಕೆಲಸಕ್ಕೆ ಬಾರದೆ ಹೋದುದೇಕೆ? ಎಣಿಕೆಯೇ ಉತ್ತರವನ್ನು ಹೇಳುತ್ತದೆ. ಡೇವಿಸ್ ಜೆಡ್ವಾಬರ ಕಟ್ಟಣೆಯಿಂದ ನಾಲ್ಕು ವಾಹಕಗಳಿಗೆ ದೊರೆಯುವ ಸಾಲುಗಳು ೧೬ರಲ್ಲಿ ೮. ಪ್ರಸ್ತಾರದಿಂದ ಕಂಡ ಎಂಟೇ ಅವು. ಎಂಟು ವಾಹಕಗಳಿಗೆ ೨೫೬ರಲ್ಲಿ ೪೮. ಹದಿನಾರಕ್ಕೆ ೬೫,೫೩೬ರಲ್ಲಿ ೩೮೪. ೧೦೨೪ ವಾಹಕಗಳಿಗೆ ಬಂದಾಗ ೩೦೯ ಅಂಕಿಗಳ ಒಂದು ಮಹಾಸಂಖ್ಯೆಯೊಳಗೆ ಕೇವಲ ೩೭೧ ಕೋಟಿ ಚಿಲ್ಲರೆ. ಸಾವಿರಕ್ಕೂ ಮೀರಿದ ದ್ವಿಮಾನ ಅಕ್ಷರಗಳನ್ನು ಹೊರಬಲ್ಲ ವಾಹಕಗಳು ಹೀಗೆ ೩೧ನ್ನು ಮಾತ್ರ ಹೊರುತ್ತವೆ. ಒಳ್ಳೆಯ ವೃತ್ತಗಳಲ್ಲಿಯೇ ಬರೆಯುತ್ತೇನೆಂದು ಹಟ ತೊಟ್ಟ ಕವಿಗೆ ಹೇಳಲು ಮಾತೇ ಉಳಿಯದಂತಾಯಿತು.

ಆದುದರಿಂದ ಇಂಜಿನಿಯರುಗಳು ಒರಟಾದ ದಾರಿಗಳನ್ನು ಹಿಡಿದರು. ಎಲ್ಲಕ್ಕಿಂತ ಒರಟಾದುದು ಕತ್ತರಿ. ಶಿಖರವು ಒಂದು ಮಿತಿಯನ್ನು ಮೀರಿದಲ್ಲಿ ವರ್ಧಕಕ್ಕೆ ಹೋಗುವ ಮೊದಲೇ ಅದನ್ನು ಕತ್ತರಿಸಿ, ಎಲ್ಲೆಯಾಚೆ ಚೆಲ್ಲಿದುದನ್ನು ಸೋಸಿ ತೆಗೆಯುತ್ತಾರೆ. ಸೋಸಿದಾಗ ಶಿಖರವು ಸ್ವಲ್ಪ ಮರಳಿ ಬೆಳೆಯುತ್ತದೆ. ಮತ್ತೆ ಕತ್ತರಿಸಿ ಮತ್ತೆ ಸೋಸುತ್ತಾರೆ. ಒಳಗೆ ಉಳಿದ ಅಲ್ಪ ದೋಷವನ್ನು ದೋಷನಿವಾರಕ ಸಂಕೇತವು ನುಂಗಿಕೊಳ್ಳುತ್ತದೆ. ಇದರೊಡನೆ, ವರ್ಧಕವು ಮಾಡುವ ವಿಕಾರವನ್ನು ಮೊದಲೇ ಊಹಿಸಿ ಅದಕ್ಕೆ ವಿರುದ್ಧವಾದ ವಿಕಾರವನ್ನು ತರಂಗಕ್ಕೆ ಕೊಡುವ ಉಪಾಯವೂ ಸೇರಿ, ಈಗಿನ ಗೋಪುರಗಳಲ್ಲಿ ಹೆಚ್ಚಾಗಿ ನಡೆಯುತ್ತಿರುವುದು ಈ ಬಗೆಯ ಕೆಲಸವೇ.

ಬಾಯ್ಮಲ್, ಫಿಷರ್, ಹೂಬರ್ ಎಂಬ ಮೂವರು ೧೯೯೬ರಲ್ಲಿ ಹೇಳಿದ ಉಪಾಯವು ಹೆಚ್ಚು ನಯವಾದುದು. ಒಂದೇ ಸುದ್ದಿಗೆ ಬೇರೆ ಬೇರೆ ಎಡುಪುಗಳ ನಾಲ್ಕು ಪಾಠಾಂತರಗಳನ್ನು ಸಿದ್ಧಪಡಿಸಿ, ಶಿಖರವು ಅತ್ಯಲ್ಪವಾದುದನ್ನು ಆರಿಸಿ ಕಳುಹಿಸುವುದು. ೧೦೨೪ ವಾಹಕಗಳಲ್ಲಿ ಸಾವಿರಕ್ಕೆ ನಲವತ್ತೈದಿದ್ದ ಅಪಾಯವು, ನಾಲ್ಕು ಪಾಠಗಳೂ ಏಕಕಾಲದಲ್ಲಿ ಕೆಡಬೇಕಾದುದರಿಂದ, ದಶಲಕ್ಷಕ್ಕೆ ನಾಲ್ಕರ ಸುಮಾರಿಗೆ ಇಳಿಯುತ್ತದೆ. ಯಾವ ಪಾಠವೆಂಬುದನ್ನು ಗ್ರಾಹಕಕ್ಕೆ ತಿಳಿಸಲು ಎರಡು ದ್ವಿಮಾನ ಅಕ್ಷರಗಳು ಸಾಕು. ಆದರೆ ಆ ಎರಡೇ ದಾರಿಯಲ್ಲಿ ಕೆಟ್ಟರೆ ಇಡೀ ಆವರ್ತನವು ಹಾಳು. ಲೆಕ್ಕದ ದುಡಿಮೆಯೂ ನಾಲ್ಕರಷ್ಟು. ಕೆಲವು ವಾಹಕಗಳನ್ನು ಸುದ್ದಿಗೆ ಬಳಸದೆ, ಶಿಖರಕ್ಕೆ ಎದುರುಪೆಟ್ಟು ಹಾಕುವುದಕ್ಕಾಗಿಯೇ ಮೀಸಲಿಡುವ ಇನ್ನೊಂದು ಕ್ರಮವು ೨೦೦೯ರಲ್ಲಿ ಹೊರಬಂದ ಯೂರೋಪಿನ ಡಿವಿಬಿ-ಟಿ೨ ಟೆಲಿವಿಷನ್ ಪ್ರಮಾಣದಲ್ಲಿ ಸೇರಿದೆ. ಅದಕ್ಕೆ ಮೀಸಲಾದುದು ನೂರಕ್ಕೆ ಒಂದರ ಸುಮಾರು.

ಗೋಪುರಕ್ಕೆ ಇವೆಲ್ಲ ಸಲ್ಲುತ್ತವೆ. ಕೈಯಲ್ಲಿ ಹಿಡಿಯುವ ಫೋನಿಗೆ ಸಲ್ಲುವುದು ಕಷ್ಟ. ಅದರ ವರ್ಧಕವು ಅಗ್ಗದ್ದು, ಬ್ಯಾಟರಿಯು ಚಿಕ್ಕದು. ಎಲ್.ಟಿ.ಇ.ಯನ್ನು ರೂಪಿಸಿದವರು ಈ ಕಾರಣದಿಂದ ಇಳಿದಾರಿಗೂ ಏರುದಾರಿಗೂ ಭೇದಮಾಡಿದರು. ಗೋಪುರದಿಂದ ಫೋನಿಗೆ ಬರುವುದು ಶುದ್ಧ ಬಹುವಾಹಕ. ಫೋನಿನಿಂದ ಗೋಪುರಕ್ಕೆ ಹೋಗುವಲ್ಲಿ ಸಂಕೇತಗಳನ್ನು ವಾಹಕಗಳಿಗೆ ಹಂಚುವ ಮೊದಲು ಇನ್ನೊಂದು ಫೂರಿಯೆ ಪರಿವರ್ತನವನ್ನು ನಡೆಸುತ್ತಾರೆ. ಎರಡು ಪರಿವರ್ತನಗಳು ಒಂದನ್ನೊಂದು ಬಹುಮಟ್ಟಿಗೆ ಅಳಿಸಿ, ಹೊರಡುವ ತರಂಗವು ಹಳೆಯ ಏಕವಾಹಕವನ್ನೇ ಹೋಲುತ್ತದೆ. ಶಿಖರವು ಸುಮಾರು ೨–೩ ಡೆಸಿಬೆಲ್ ತಗ್ಗುತ್ತದೆ, ಎಂದರೆ ಹೆಚ್ಚುಕಡಮೆ ಅರ್ಧವಾಗುತ್ತದೆ. ಬಿಟ್ಟುಬಂದ ಏಕವಾಹಕಕ್ಕೆ ಬಹುವಾಹಕದ ಉಡುಪನ್ನು ತೊಡಿಸಿ ಮರಳಿ ಕರೆತಂದಂತಾಯಿತು.

ವೇಗವಾಗಿ ಚಲಿಸುವ ಗ್ರಾಹಕಗಳಿಗಾಗಿ ೨೦೧೭ರಲ್ಲಿ ಹದಾನಿ ಮೊದಲಾದವರು ಒ.ಟಿ.ಎಫ್.ಎಸ್. ಎಂಬ ಬೇರೊಂದು ಪದ್ಧತಿಯನ್ನು ಮುಂದಿಟ್ಟರು. ಅದರಲ್ಲಿ ಸುದ್ದಿಯನ್ನು ಕಾಲ ಮತ್ತು ಕಂಪನಸಂಖ್ಯೆಗಳ ಮೇಲಲ್ಲದೆ, ಮಾರ್ದನಿಯ ತಡ ಮತ್ತು ಡಾಪ್ಲರ್ ಜಾರುಗಳ ಚೌಕಳಿಯ ಮೇಲೆ ಹೂಡುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಸುರಭಿ, ಅಗಸ್ಟೀನ್, ಚೊಕ್ಕಲಿಂಗಂ ಎಂಬವರು ೨೦೧೯ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ಪದ್ಧತಿಯ ಶಿಖರವು ಏರುವ ಬಗೆಯನ್ನು ವಿಚಾರಿಸಿದ್ದಾರೆ. ಅದರ ಮೇಲ್ಮಿತಿಯು ವಾಹಕಗಳ ಸಂಖ್ಯೆಯನ್ನನುಸರಿಸದೆ, ಚೌಕಳಿಯ ಡಾಪ್ಲರ್ ಮನೆಗಳ ಸಂಖ್ಯೆಯನ್ನು ಅನುಸರಿಸುತ್ತದೆಯೆಂಬುದು ಅವರು ಕಂಡ ಫಲ. ವಾಹಕಗಳು ಹೆಚ್ಚಾಗಿ ಡಾಪ್ಲರ್ ಮನೆಗಳು ಕಡಮೆಯಾದಲ್ಲಿ ಇದರಿಂದ ಶಿಖರದ ಹೊರೆಯು ಇಳಿಯುತ್ತದೆ.

ಐದನೆಯ ತಲೆಮಾರಿನ ಪದ್ಧತಿಯು ಏರುದಾರಿಯಲ್ಲಿ ಎರಡು ರೂಪಗಳನ್ನೂ ಇಟ್ಟುಕೊಂಡಿದೆ. ಗೋಪುರದ ಹತ್ತಿರವಿರುವ ಫೋನಿಗೆ ಶಕ್ತಿಯ ಕೊರತೆಯಿಲ್ಲವಾದುದರಿಂದ ಶುದ್ಧ ಬಹುವಾಹಕವನ್ನು ಗೊತ್ತುಮಾಡಬಹುದು. ದೂರದ ಅಂಚಿನಲ್ಲಿರುವುದಕ್ಕೆ ಮುನ್ನಡೆಯ ಪರಿವರ್ತನವನ್ನೂ, ಬೇಕಾದರೆ ಒಂದೊಂದು ಸಂಕೇತಕ್ಕೂ ಕಾಲು ಸುತ್ತು ತಿರುಗುತ್ತ ಹೋಗುವ ಸರಳವಾದ ದ್ವಿಮಾನ ರೂಪವನ್ನೂ ವಿಧಿಸುತ್ತಾರೆ. ಈ ತಿರುಗುವ ರೂಪದಲ್ಲಿ ಶಿಖರವು ಇನ್ನೂ ತಗ್ಗಿ, ವರ್ಧಕವು ತನ್ನ ಮೇಲ್ಮಿತಿಯ ಹತ್ತಿರದವರೆಗೂ ನಿರ್ಭಯವಾಗಿ ದುಡಿಯುತ್ತದೆ. ಯಾವ ಫೋನು ಯಾವ ಹೊತ್ತಿನಲ್ಲಿ ಯಾವ ರೂಪವನ್ನು ತಾಳಬೇಕೆಂಬುದನ್ನು ಗೋಪುರವೇ ನಿರ್ಣಯಿಸಿ ತಿಳಿಸುತ್ತದೆ.